ಇಂಟರ್ನೆಟ್ ಪಾಲಿಸಿ ಕೆಲಸಕ್ಕೆ ಲಾ ಓದಲೇಬೇಕಾ?

ಪ್ರಶ್ನೆ: ನಾನು ಹಾಸನದವಳು, ವಯಸ್ಸು 24. ಇನ್ಫರ್ಮೇಷನ್ ಸೈನ್ಸ್‌ನಲ್ಲಿ ಬಿಇ ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಡೇಟಾ ಕಾನೂನು, ಯುಪಿಐ, ಗಿಗ್ ಕೆಲಸಗಾರರ (ಆ್ಯಪ್ ಮೂಲಕ ಸಿಗುವ ಕೆಲಸ ಮಾಡುವವರ) ಕಾನೂನು ಅಂತ ಸುದ್ದಿ ಬಂದರೆ ಬಿಡದೆ ಓದುತ್ತೇನೆ. ಇಂಟರ್ನೆಟ್ ಮತ್ತು ಡಿಜಿಟಲ್ ಆರ್ಥಿಕತೆಯ ನೀತಿ ರೂಪಿಸುವ ಕಡೆ ಕೆಲಸಕ್ಕೆ ಹೋಗುವ ಆಸೆ. ಅದಕ್ಕೆ ಲಾ ಓದಲೇಬೇಕಾ? ಐಎಎಸ್ ಮಾಡಿದರೆ ಮಾತ್ರ ಸಾಧ್ಯವಾ? ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಕೆ ಇದೆ. ಪ್ರತಿ ತಿಂಗಳು ಮನೆಗೆ ದುಡ್ಡು ಕಳಿಸಬೇಕು, ಹಾಗಾಗಿ ಇರುವ ಕೆಲಸ ಬಿಡಲು ಭಯ.

ಉತ್ತರ: ಲಾ ಓದಲೇಬೇಕಿಲ್ಲ. ಐಎಎಸ್ ಕೂಡ ಬೇಕಿಲ್ಲ. ಇರುವ ಕೆಲಸವನ್ನು ಈಗಲೇ ಬಿಡಬೇಡಿ. ಈ ಕ್ಷೇತ್ರದಲ್ಲಿ ನಿಮ್ಮನ್ನು ಒಳಗೆ ಕರೆಯುವುದು ಸರ್ಟಿಫಿಕೇಟ್‌ಗಿಂತ ಹೆಚ್ಚಾಗಿ ನೀವು ಬರೆದ ಎರಡು ಮೂರು ಒಳ್ಳೆಯ ಬರಹಗಳು. ಅವನ್ನು ಬರೆಯಲು ರಾಜೀನಾಮೆ ಕೊಡಬೇಕಾಗಿಲ್ಲ.

ಮೊದಲು ಈ ಕೆಲಸದಲ್ಲಿ ದಿನಾ ಏನು ಮಾಡುತ್ತಾರೆ ಅಂತ ತಿಳಿದುಕೊಳ್ಳಿ. ಹೊರಗಿನಿಂದ ನೋಡಿದರೆ ಸೆಮಿನಾರು, ದೆಹಲಿ, ದೊಡ್ಡ ದೊಡ್ಡ ಮಾತು ಅನ್ನಿಸುತ್ತದೆ. ನಿಜದಲ್ಲಿ ಹೆಚ್ಚಿನ ಹೊತ್ತು ಹೋಗುವುದು ಓದುವುದರಲ್ಲಿ ಮತ್ತು ಬರೆಯುವುದರಲ್ಲಿ. ಸರ್ಕಾರ ಒಂದು ಕರಡು ಹೊರಡಿಸುತ್ತದೆ. ಅದರ ಒಂದೊಂದು ಸಾಲೂ ಯಾರಿಗೆ ಏನು ಮಾಡುತ್ತದೆ ಅಂತ ಯಾರಾದರೂ ಕೂತು ನೋಡಬೇಕು. ಕಂಪನಿಗೆ ಎಷ್ಟು ಖರ್ಚು, ಜನರಿಗೆ ಏನು ಸಿಗುತ್ತದೆ, ಅಧಿಕಾರಿಗೆ ಎಷ್ಟು ಅಧಿಕಾರ, ಕೋರ್ಟಿನಲ್ಲಿ ನಿಲ್ಲುತ್ತದಾ? ಅದನ್ನು ಬರೆದು ಕೊಡುವುದೇ ಈ ಕೆಲಸ.

ಒಂದು ನಿಜವಾದ ಪ್ರಸಂಗ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಇಡೀ ಕೆಲಸದ ಗುಟ್ಟು ಇದೆ. 2015ರ ಮಾರ್ಚ್‌ನಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಒಂದು ಕನ್ಸಲ್ಟೇಷನ್ ಪೇಪರ್, ಅಂದರೆ ಪ್ರಶ್ನೆಗಳನ್ನಿಟ್ಟು ಜನರ ಅಭಿಪ್ರಾಯ ಕೇಳುವ ದಾಖಲೆ, ತಂದಿತು. ವಾಟ್ಸಾಪ್, ಸ್ಕೈಪ್‌ನಂಥ ಸೇವೆಗಳಿಗೆ ಬೇರೆ ನಿಯಮ ಬೇಕಾ ಅನ್ನುವ ಪ್ರಶ್ನೆ. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಇನ್ನೊಂದು ಪೇಪರ್ ಬಂತು. ಒಂದೊಂದು ವೆಬ್‌ಸೈಟಿನ ಡೇಟಾಗೆ ಒಂದೊಂದು ಬೆಲೆ ಇಡಬಹುದಾ ಅಂತ. ಆಯ್ದ ಕೆಲವು ವೆಬ್‌ಸೈಟುಗಳನ್ನು ಮಾತ್ರ ಪುಕ್ಕಟೆ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಆಗ ಸುದ್ದಿಯಲ್ಲಿತ್ತು. ಆ ಕಂಪನಿ ತನ್ನ ಬಳಕೆದಾರರಿಂದ ಸಿದ್ಧ ಮಾದರಿಯ ಬೆಂಬಲ ಪತ್ರಗಳನ್ನು ಲಕ್ಷಗಟ್ಟಲೆ ಕಳಿಸಿತು. ಆದರೆ ಟ್ರಾಯ್ ಏನು ಹೇಳಿತು ಗೊತ್ತಾ? ನಾವು ಕೇಳಿದ ಪ್ರಶ್ನೆಗಳಿಗೆ ಈ ಪತ್ರಗಳಲ್ಲಿ ಉತ್ತರ ಇಲ್ಲ ಎಂದಿತು. 2016ರ ಫೆಬ್ರವರಿ 8ರಂದು ಬಂದ ನಿಯಮ, ಡೇಟಾಗೆ ತಾರತಮ್ಯದ ದರ ಇಡುವುದನ್ನು ನಿಷೇಧಿಸಿತು. ಫ್ರೀ ಬೇಸಿಕ್ಸ್ ಭಾರತದಿಂದ ಹೋಯಿತು.

ಜನರ ಗಟ್ಟಿ ದನಿ ವಿಷಯವನ್ನು ಎಲ್ಲರ ಗಮನಕ್ಕೆ ತಂದಿತು, ಅದು ಸಣ್ಣ ಮಾತಲ್ಲ. ಆದರೆ ನಿಯಂತ್ರಕರಿಗೆ ಬೇಕಿದ್ದುದು ಕೇಳಿದ ಪ್ರಶ್ನೆಗೆ ಕಾರಣ ಸಮೇತ ಉತ್ತರ. ಅಂಥ ಉತ್ತರ ಬರೆದವರಲ್ಲಿ ವಕೀಲರಿದ್ದರು, ಸಾಫ್ಟ್‌ವೇರ್‌ನವರಿದ್ದರು, ಸಣ್ಣ ಸ್ಟಾರ್ಟಪ್ ನಡೆಸುವವರಿದ್ದರು. ಟ್ರಾಯ್ ತನಗೆ ಬಂದ ಅಭಿಪ್ರಾಯಗಳನ್ನೂ, ಅವಕ್ಕೆ ಬಂದ ಪ್ರತಿ-ಅಭಿಪ್ರಾಯಗಳನ್ನೂ ವೆಬ್‌ಸೈಟಿನಲ್ಲಿ ಹಾಕುತ್ತದೆ. ಯಾವ ಕಂಪನಿ ಏನು ಕೇಳಿತು ಅಂತ ಇವತ್ತಿಗೂ ತೆಗೆದು ಓದಬಹುದು. ನನ್ನ ಪ್ರಕಾರ ಈ ಕ್ಷೇತ್ರದ ಅತ್ಯುತ್ತಮ ಪಠ್ಯಪುಸ್ತಕ ಅದೇ, ಅದೂ ಪುಕ್ಕಟೆ. ಎಲ್ಲ ಇಲಾಖೆಗಳೂ ಹೀಗೆ ಮಾಡುವುದಿಲ್ಲ ಅನ್ನುವುದು ಬೇಸರದ ಸಂಗತಿ. ವೈಯಕ್ತಿಕ ಡೇಟಾ ಕಾನೂನಿನ 2022ರ ಕರಡಿಗೆ ಬಂದ ಅಭಿಪ್ರಾಯಗಳನ್ನು ಐಟಿ ಸಚಿವಾಲಯ ಬಹಿರಂಗ ಮಾಡುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿತ್ತು.

ಈಗ ನಿಮ್ಮ ವಿಷಯಕ್ಕೆ ಬರೋಣ. ಟೆಸ್ಟಿಂಗ್ ಕೆಲಸವನ್ನು ನೀವು ಸ್ವಲ್ಪ ಸಂಕೋಚದಿಂದ ಹೇಳಿದ ಹಾಗಿದೆ. ಹಾಗೆ ಅಂದುಕೊಳ್ಳಬೇಡಿ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕರ್ತವ್ಯಗಳಿಗೆ ತಯಾರಾಗಲು ಕಂಪನಿಗಳಿಗೆ 18 ತಿಂಗಳು ಕೊಟ್ಟರು. ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆ ಕಾಯ್ದೆಯಲ್ಲಿ ಎರಡು ಸಾಲುಗಳಿವೆ, ಅವನ್ನು ನೀವು ಬಾಯಿಪಾಠ ಮಾಡಬೇಕು. ಒಂದು, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಇನ್ನೊಂದು, ಡೇಟಾ ಯಾಕೆ ಬೇಕು ಅಂತ ತಿಳಿಸುವ ನೋಟಿಸನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಜನರಿಗೆ ಇರಬೇಕು. ಕನ್ನಡ ಅದರಲ್ಲಿ ಇದೆ.

ಈ ಎರಡು ಸಾಲನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ಎಷ್ಟೋ ವಕೀಲರಿಗೆ ಹೊಳೆಯುವುದಿಲ್ಲ. ನಿಮಗೆ ಅದು ಟೆಸ್ಟ್ ಕೇಸ್ ಬರೆದಷ್ಟೇ ಸಲೀಸು. ನಿಮ್ಮ ಫೋನಿನಲ್ಲಿರುವ ಐದಾರು ಆ್ಯಪ್ ತೆಗೆದುಕೊಳ್ಳಿ. ಬ್ಯಾಂಕಿನದು, ಊಟ ತರಿಸುವುದು, ಆಸ್ಪತ್ರೆಯದು, ಸರ್ಕಾರದ್ದು ಒಂದಾದರೂ ಇರಲಿ. ಒಪ್ಪಿಗೆ ಕೊಡಲು ಎಷ್ಟು ಸಲ ಒತ್ತಬೇಕು, ವಾಪಸ್ ಪಡೆಯಲು ಎಷ್ಟು ಸಲ? ಕನ್ನಡ ಆರಿಸಿದರೆ ನೋಟಿಸ್ ನಿಜವಾಗಿ ಕನ್ನಡಕ್ಕೆ ಬರುತ್ತದಾ, ಅಥವಾ ಮೆನು ಮಾತ್ರ ಬದಲಾಗಿ ಶರತ್ತುಗಳು ಇಂಗ್ಲಿಷ್‌ನಲ್ಲೇ ಉಳಿಯುತ್ತವಾ? ಬಂದ ಕನ್ನಡ ಅರ್ಥ ಆಗುತ್ತದಾ? ಯಾವ ತಾರೀಕು, ಯಾವ ವರ್ಷನ್ ಅಂತ ಗುರುತು ಮಾಡಿ, ಸ್ಕ್ರೀನ್‌ಶಾಟ್ ಸಮೇತ ಎಂಟು ಪುಟ ಬರೆಯಿರಿ. ಅಂಥ ಒಂದು ಬರಹ ನನ್ನ ಮೇಜಿಗೆ ಬಂದರೆ ಅರ್ಜಿದಾರರ ಡಿಗ್ರಿ ಯಾವುದು ಅಂತ ನಾನು ಕೊನೆಗೆ ನೋಡುತ್ತೇನೆ. ನಿಮ್ಮ ಕಂಪನಿ ಮಾಡಿದ ಆ್ಯಪ್‌ಗಳನ್ನು ಮಾತ್ರ ಮುಟ್ಟಬೇಡಿ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಗೋಪ್ಯತೆಯ ಕರಾರು ಅಡ್ಡ ಬರುತ್ತದೆ.

ಲಾ ಪದವಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಕೋರ್ಟಿನಲ್ಲಿ ವಾದಿಸಬೇಕು ಅಥವಾ ಲಾ ಫರ್ಮ್ ಸೇರಬೇಕು ಅಂದರೆ ಬೇಕೇ ಬೇಕು. ಉಳಿದ ಕಡೆ ಉಪಯೋಗ ಇದೆ, ಕಡ್ಡಾಯ ಅಲ್ಲ. ಬಿಇ ಆದವರು ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿ ಖರ್ಚು ಕಮ್ಮಿ. ದೂರ ಶಿಕ್ಷಣದಲ್ಲಿ ಎಲ್‌ಎಲ್‌ಬಿ ಕೊಡಿಸುತ್ತೇವೆ ಅಂತ ಯಾರಾದರೂ ಬಂದರೆ ದುಡ್ಡು ಕಟ್ಟಬೇಡಿ, ಬಾರ್ ಕೌನ್ಸಿಲ್ ಅದನ್ನು ಒಪ್ಪುವುದಿಲ್ಲ. ಪದವಿ ಇಲ್ಲದಿದ್ದರೂ ಕಾನೂನು ಓದುವ ಅಭ್ಯಾಸ ಇರಲೇಬೇಕು, ಅದಕ್ಕೆ ವಿನಾಯಿತಿ ಇಲ್ಲ. ಪತ್ರಿಕೆಯ ಸುದ್ದಿ ಓದಿ ಕಾನೂನು ಗೊತ್ತಾಯಿತು ಅಂದುಕೊಳ್ಳುವವರು ಇಲ್ಲಿ ಉಳಿಯುವುದಿಲ್ಲ. ಗೆಜೆಟ್‌ನಲ್ಲಿ ಬಂದ ಮೂಲವನ್ನೇ ಓದಿ.

ತೀರ್ಪುಗಳಲ್ಲಿ ಮೂರರಿಂದ ಶುರು ಮಾಡಿ. ಮೊದಲನೆಯದು 2015ರ ಶ್ರೇಯಾ ಸಿಂಘಾಲ್ ಪ್ರಕರಣ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಮಾತು ಹಾಕಿದರೆ ಶಿಕ್ಷೆ ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಬಿದ್ದುಹೋದದ್ದು ಅದರಲ್ಲೇ. ಅರ್ಜಿ ಹಾಕಿದಾಗ ಆಕೆ ಕಾನೂನು ಓದಲು ತಯಾರಾಗುತ್ತಿದ್ದ ಹುಡುಗಿ. ಎರಡನೆಯದು 2017ರ ಪುಟ್ಟಸ್ವಾಮಿ ಪ್ರಕರಣ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಈಗಿನ ಡೇಟಾ ಕಾಯ್ದೆಯ ಬೇರು ಅಲ್ಲಿದೆ. ಮೂರನೆಯದು 2020ರ ಅನುರಾಧಾ ಭಾಸಿನ್ ಪ್ರಕರಣ. ಇಂಟರ್ನೆಟ್ ಬಂದ್ ಮಾಡುವ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲ ಬಂದ್ ಮಾಡುವಂತಿಲ್ಲ ಅಂತ ಕೋರ್ಟ್ ಹೇಳಿದ್ದು ಅದರಲ್ಲಿ. ಎಲ್ಲ ಪುಟ ಓದಬೇಕಿಲ್ಲ. ಪ್ರಶ್ನೆ ಏನಿತ್ತು, ಕೋರ್ಟ್ ಯಾವ ಅಳತೆಗೋಲು ಬಳಸಿತು, ಅಷ್ಟನ್ನು ನಿಮ್ಮದೇ ಮಾತಲ್ಲಿ ಒಂದು ಪುಟದಲ್ಲಿ ಬರೆದಿಡಿ.

ಕಾನೂನಿನ ಜೊತೆಗೆ ಅರ್ಥಶಾಸ್ತ್ರ ಸ್ವಲ್ಪ ಕಲಿಯಿರಿ. ಇಲ್ಲಿ ಕೊರತೆ ಜಾಸ್ತಿ ಇರುವುದು ಅದಕ್ಕೇ. ದೊಡ್ಡ ಕಂಪನಿಗಳು ಮಾರುಕಟ್ಟೆಯಲ್ಲಿ ಪೈಪೋಟಿ ಹತ್ತಿಕ್ಕದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವಿಚಾರವಾಗಿ ಗೂಗಲ್‌ಗೆ 1,337 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಆ ಆದೇಶದಲ್ಲಿ ಮೊದಲು ಬಗೆಹರಿಸಬೇಕಾದ ಪ್ರಶ್ನೆ: ಮಾರುಕಟ್ಟೆ ಅಂದರೆ ಯಾವುದು? ಆ್ಯಪಲ್ ತನ್ನ ಐಒಎಸ್ ಅನ್ನು ಬೇರೆ ಫೋನ್ ಕಂಪನಿಗಳಿಗೆ ಕೊಡುವುದಿಲ್ಲ. ಹಾಗಾಗಿ ಬೇರೆಯವರಿಗೆ ಕೊಡುವ ಆಪರೇಟಿಂಗ್ ಸಿಸ್ಟಂಗಳ ಮಾರುಕಟ್ಟೆಯನ್ನು ಆಯೋಗ ಪ್ರತ್ಯೇಕವಾಗಿ ನೋಡಿತು. ಆ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಯುಪಿಐ ಕಥೆಯೂ ಹಾಗೆಯೇ. 2020ರ ಜನವರಿಯಿಂದ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಊರಿನ ತರಕಾರಿ ಅಂಗಡಿಗೂ ಕ್ಯೂಆರ್ ಕೋಡ್ ಬರಲು ಇದೂ ಒಂದು ಕಾರಣ. ಆದರೆ ವ್ಯವಸ್ಥೆ ನಡೆಸುವ ಖರ್ಚು ಯಾರ ತಲೆಗೆ ಬರಬೇಕು? ಬ್ಯಾಂಕಿಗಾ, ಸರ್ಕಾರಕ್ಕಾ, ಆ್ಯಪ್ ಕಂಪನಿಗಾ? ಇದಕ್ಕೆ ಭಾವನೆಯಿಂದ ಉತ್ತರ ಕೊಡಲು ಆಗುವುದಿಲ್ಲ, ಲೆಕ್ಕ ಬೇಕು.

ಐಎಎಸ್ ಬಗ್ಗೆ: ದೇಶಕ್ಕೆ ಅದು ಬೇಕಾದ ಸೇವೆ, ನಿಮಗೆ ಆ ಆಸೆ ಇದ್ದರೆ ಓದಿ. ಆದರೆ ಡಿಜಿಟಲ್ ನೀತಿಗಾಗಿಯೇ ಐಎಎಸ್ ಅಂದರೆ ಲೆಕ್ಕ ತಪ್ಪುತ್ತದೆ. ಯಾವ ಇಲಾಖೆ ಅಂತ ಆರಿಸುವುದು ನಿಮ್ಮ ಕೈಯಲ್ಲಿರುವುದಿಲ್ಲ. ಸರ್ಕಾರದ ಒಳಗೆ ಬೇರೆ ಬಾಗಿಲುಗಳಿವೆ. ನೀತಿ ಆಯೋಗ, ಸ್ಪರ್ಧಾ ಆಯೋಗದಂಥ ಕಡೆ ಯುವ ವೃತ್ತಿಪರರನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳುತ್ತಾರೆ. ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್‌ನಲ್ಲಿ ಒಬ್ಬ ಸಂಸದರ ಜೊತೆ ಸಂಸತ್ತಿನ ಕೆಲಸ ಮಾಡಬಹುದು. ಪ್ರಶ್ನೆ ತಯಾರಿಸುವುದು, ಮಸೂದೆ ಓದಿ ಟಿಪ್ಪಣಿ ಬರೆಯುವುದು ಎಲ್ಲ ಅಲ್ಲಿ ಕೈಗೆ ಹತ್ತುತ್ತದೆ. ಅದಕ್ಕೆ ವಯಸ್ಸಿನ ಮಿತಿ ಇದೆ, ಎಳೆಯರಿಗಷ್ಟೇ ಅದು. ನಿಮ್ಮ ವಯಸ್ಸಿಗೆ ಇದು ತಳ್ಳಿಹಾಕುವ ಅವಕಾಶವಲ್ಲ. ಈ ಸಲದ ಪ್ರಕಟಣೆ ಇವತ್ತೇ ಹುಡುಕಿ ನೋಡಿ.

ಬೆಂಗಳೂರಿನಲ್ಲಿ ಇರುವುದು ನಿಮ್ಮ ಅದೃಷ್ಟ. ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ 2008ರಲ್ಲಿ ಹುಟ್ಟಿದ್ದು ಇಲ್ಲೇ. ಐಟಿ ಫಾರ್ ಚೇಂಜ್ ಇಲ್ಲಿದೆ, ಆಪ್ತಿ ಇದೆ, ತಕ್ಷಶಿಲಾ ಇದೆ. ಇವೆಲ್ಲ ನೀತಿಯ ಮೇಲೆ ಸಂಶೋಧನೆ ಮಾಡುವ ಸಂಸ್ಥೆಗಳು. ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ, ಅದಕ್ಕೆ ಯಾವ ವಿಷಯದ ಪದವೀಧರರೂ ಅರ್ಜಿ ಹಾಕಬಹುದು. ಎಲೆಕ್ಟ್ರಾನಿಕ್ಸ್ ಸಿಟಿಯ ಐಐಐಟಿಯಲ್ಲಿ ತಂತ್ರಜ್ಞಾನ ಮತ್ತು ಸಾರ್ವಜನಿಕ ನೀತಿಯ ಕೇಂದ್ರವೇ ಇದೆ. ದೆಹಲಿಯಲ್ಲಿ ಡಿಜಿಟಲ್ ಹಕ್ಕುಗಳ ಪರ ಕೆಲಸ ಮಾಡುವ ಇಂಟರ್ನೆಟ್ ಫ್ರೀಡಂ ಫೌಂಡೇಷನ್ ಮತ್ತು ಎಸ್‌ಎಫ್‌ಎಲ್‌ಸಿ ಇವೆ. ಕೆಲಸ ಬಿಡದೆ ಓದಬೇಕಾದ್ದರಿಂದ ತಕ್ಷಶಿಲಾದ ಆನ್‌ಲೈನ್ ಕೋರ್ಸ್ ನಿಮಗೆ ಹೊಂದಬಹುದು. ಆದರೆ ಒಂದಾದ ಮೇಲೆ ಒಂದು ಕೋರ್ಸ್ ಮಾಡುತ್ತಾ ಕೂರಬೇಡಿ. ಒಂದು ಸಾಕು, ಆಮೇಲೆ ಬರೆಯಿರಿ.

ಕಂಪನಿಗಳ ಕಡೆ ಮೂರು ಥರದ ಕೆಲಸ ಇದೆ. ಸರ್ಕಾರದ ಜೊತೆ ಮಾತಾಡುವ ಪಾಲಿಸಿ ಟೀಂ ಒಂದು. ಅಲ್ಲಿಗೆ ಸಾಮಾನ್ಯವಾಗಿ ಅನುಭವ ಇರುವವರನ್ನು ತೆಗೆದುಕೊಳ್ಳುತ್ತಾರೆ. ಟ್ರಸ್ಟ್ ಆ್ಯಂಡ್ ಸೇಫ್ಟಿ ಇನ್ನೊಂದು, ಅಂದರೆ ಮೋಸ, ದ್ವೇಷ, ಕಿರುಕುಳದ ಪೋಸ್ಟುಗಳನ್ನು ಹೇಗೆ ನಿಭಾಯಿಸಬೇಕು ಎನ್ನುವ ನಿಯಮ ಮಾಡುವವರು. ಇಲ್ಲಿ ಕನ್ನಡದ ಬೈಗುಳ, ಒಳಾರ್ಥ ಎಲ್ಲ ತಿಳಿದವರು ಬೇಕು. ಮೂರನೆಯದು ಪ್ರೈವೆಸಿ ಟೀಂ. ಹೊಸ ಕಾಯ್ದೆಯ ಪ್ರಕಾರ ಸರ್ಕಾರ ಗುರುತಿಸುವ ದೊಡ್ಡ ಡೇಟಾ ಕಂಪನಿಗಳು ಭಾರತದಲ್ಲೇ ಇರುವ ಡೇಟಾ ಸಂರಕ್ಷಣಾ ಅಧಿಕಾರಿಯನ್ನು ನೇಮಿಸಲೇಬೇಕು. ಆ ಅಧಿಕಾರಿಯ ಕೈಕೆಳಗೆ ಸಿಸ್ಟಂ ಒಳಗೆ ಡೇಟಾ ಎಲ್ಲೆಲ್ಲಿ ಹರಿಯುತ್ತದೆ ಅಂತ ಪತ್ತೆ ಹಚ್ಚುವ ಜನ ಬೇಕು. ನಿಮಗೆ ಅತಿ ಹತ್ತಿರದ ಬಾಗಿಲು ಇದೇ. ಸಂಬಳ ಕಡಿತ ಇಲ್ಲದೆ ದಾಟಬಹುದಾದ ಬಾಗಿಲೂ ಇದೇ. ನಿಮ್ಮ ಕಂಪನಿಯಲ್ಲೇ ಈ ಕೆಲಸ ಶುರುವಾಗಿರಬಹುದು. ಮ್ಯಾನೇಜರ್ ಹತ್ತಿರ ಒಂದು ಸಲ ಕೇಳಿ.

ಸಂಬಳದ ವಿಚಾರದಲ್ಲಿ ಕನಸು ಕಟ್ಟಬೇಡಿ. ಸಂಶೋಧನಾ ಸಂಸ್ಥೆಗಳಲ್ಲಿ ಶುರುವಿನ ಸಂಬಳ ಸಾಫ್ಟ್‌ವೇರ್‌ಗಿಂತ ಕಮ್ಮಿ. ಅವು ನಡೆಯುವುದು ದೇಣಿಗೆಯಿಂದ, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಬಹುದು. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನಂಥ ಹಳೆಯ ಸಂಸ್ಥೆಗೇ 2023ರಲ್ಲಿ ವಿದೇಶಿ ದೇಣಿಗೆಯ ಪರವಾನಗಿ ಅಮಾನತಾಯಿತು. ಕಂಪನಿಗಳಲ್ಲಿ ಸಂಬಳ ಚೆನ್ನಾಗಿದೆ, ಆದರೆ ಒಂದು ಕಾನೂನು ಬಂದರೆ ಉದ್ಯಮವೇ ತಲೆಕೆಳಗಾಗುತ್ತದೆ. ಆನ್‌ಲೈನ್ ಜೂಜಾಟದ ವಿರುದ್ಧ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಗೇಮಿಂಗ್ ಕಂಪನಿಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟವು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆಟಗಳನ್ನೇ ನಿಷೇಧಿಸುವ ಕಾನೂನು ಮಾಡಿತು. ಒಂದೇ ಉದ್ಯಮವನ್ನು ನಂಬಿಕೊಂಡ ಪಾಲಿಸಿ ತಜ್ಞರಿಗೆ ಈ ಅಪಾಯ ಯಾವಾಗಲೂ ಇದೆ. ಅದಕ್ಕೇ ಹೇಳುವುದು, ಮನೆಗೆ ದುಡ್ಡು ಕಳಿಸಬೇಕಾದವರು ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಳ್ಳದೆ ಕೆಲಸ ಬದಲಿಸಬಾರದು.

ಇನ್ನೊಂದು ಮಾತು, ಇದನ್ನು ಹೇಳದೆ ಇರಲಾರೆ. ಸಂಬಳ ಕೊಡುವವರ ಪರವಾಗಿ ಬರೆಯುವುದು ಈ ಕ್ಷೇತ್ರದಲ್ಲಿ ಸಹಜ, ಅದರಲ್ಲಿ ಅವಮಾನ ಇಲ್ಲ. ಆದರೆ ಯಾರ ಪರವಾಗಿ ಬರೆಯುತ್ತಿದ್ದೇನೆ ಅಂತ ಓದುಗರಿಗೆ ಹೇಳದೆ, ಸ್ವತಂತ್ರ ತಜ್ಞರ ಹೆಸರಲ್ಲಿ ಪತ್ರಿಕೆಗೆ ಲೇಖನ ಕೊಡುವುದು ತಪ್ಪು. ಅಂಥದ್ದಕ್ಕೆ ನಿಮ್ಮ ಹೆಸರು ಕೇಳಿದರೆ ಕೊಡಬೇಡಿ.

ಈಗ ಕನ್ನಡ ಮತ್ತು ಇಂಗ್ಲಿಷ್. ಇಂಗ್ಲಿಷ್‌ನಲ್ಲಿ ಬರೆಯುವುದು ತಪ್ಪುವುದಿಲ್ಲ. ಕರಡುಗಳು ಇಂಗ್ಲಿಷ್‌ನಲ್ಲಿ ಬರುತ್ತವೆ, ಉತ್ತರವೂ ಬಹುತೇಕ ಅದರಲ್ಲೇ ಹೋಗಬೇಕು. ಆದರೆ ಇಲ್ಲಿ ಬೇಕಾಗುವುದು ಅಲಂಕಾರದ ಇಂಗ್ಲಿಷ್ ಅಲ್ಲ. ಒಂದು ವಾಕ್ಯಕ್ಕೆ ಒಂದು ವಿಷಯ, ಪ್ರತಿ ಮಾತಿಗೂ ಆಧಾರ. ಬಗ್ ರಿಪೋರ್ಟ್ ಬರೆಯುವವರಿಗೆ ಆ ಶಿಸ್ತು ಆಗಲೇ ಇರುತ್ತದೆ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಅದೇ ಮೂರು ಸಾಲನ್ನು ಕಾನೂನಿಗೆ ಅನ್ವಯಿಸಿ ನೋಡಿ.

ಕನ್ನಡವನ್ನು ಕೊರತೆ ಅಂತ ಎಣಿಸಬೇಡಿ. ಡಿಜಿಟಲ್ ನೀತಿ ಅಂದರೆ ದೆಹಲಿ ಅನ್ನುವ ಕಾಲ ಹೋಗುತ್ತಿದೆ. ಗಿಗ್ ಕೆಲಸಗಾರರ ಕಾನೂನನ್ನೇ ನೋಡಿ. ರಾಜಸ್ಥಾನ 2023ರಲ್ಲಿ ಮೊದಲು ಮಾಡಿತು. ಕರ್ನಾಟಕ 2024ರ ಜೂನ್ ಕೊನೆಗೆ ಕರಡು ಪ್ರಕಟಿಸಿತು, 2025ರ ಮೇನಲ್ಲಿ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಕಾಯ್ದೆ ಮಾಡಿತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ. ಕಂಪನಿಯೇ ಕಟ್ಟಬೇಕು. ಕೆಲಸ ಹಂಚುವ, ರೇಟಿಂಗ್ ಕೊಡುವ ಕಂಪ್ಯೂಟರ್ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ಕೆಲಸಗಾರರಿಗೆ ತಿಳಿಸುವ ಹೊಣೆಯೂ ಇದೆ. ಇದು ನಿಜಕ್ಕೂ ಜಾರಿಯಾಗುತ್ತಿದೆಯಾ ಅಂತ ತಿಳಿಯಬೇಕಾದರೆ ಯಾರನ್ನು ಕೇಳಬೇಕು? ರಾಯಚೂರಿನಿಂದ, ಮಂಡ್ಯದಿಂದ ಬಂದು ಬೆಂಗಳೂರಿನಲ್ಲಿ ಬೈಕ್ ಮೇಲೆ ಊಟ ತಲುಪಿಸುವ ಹುಡುಗರನ್ನು. ಅವರ ಹತ್ತಿರ ಕೂತು, ಅವರ ಆ್ಯಪ್ ನೋಡಿ, ಹೇಳಿದ್ದನ್ನು ಕಾಯ್ದೆಯ ಸೆಕ್ಷನ್ ಪಕ್ಕ ಇಟ್ಟು ಬರೆಯಬಲ್ಲವರು ಬಹಳ ಕಡಿಮೆ. ದೆಹಲಿಯ ಸಂಶೋಧಕರು ಅದಕ್ಕೆ ದುಭಾಷಿ ಹುಡುಕಬೇಕು. ನಿಮಗೆ ಬೇಕಿಲ್ಲ.

ತಾಂತ್ರಿಕ ಕಡೆಯಲ್ಲೂ ಕನ್ನಡಕ್ಕೆ ಜಾಗ ಇದೆ. '.ಭಾರತ' ಎಂದು ಕನ್ನಡ ಲಿಪಿಯಲ್ಲೇ ಕೊನೆಯಾಗುವ ವೆಬ್ ವಿಳಾಸ ಇದೆ. ಆದರೆ ಎಷ್ಟೋ ಫಾರ್ಮ್‌ಗಳು ಅಂಥ ವಿಳಾಸದ ಇಮೇಲ್ ಕೊಟ್ಟರೆ 'ತಪ್ಪು' ಅಂತ ತೋರಿಸುತ್ತವೆ. ವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆಯಲ್ಲಿ ಇದರ ಮೇಲೆ ಕೆಲಸ ನಡೆಯುತ್ತದೆ. ಹೊಸಬರಿಗೆ ಪ್ರಯಾಣದ ಖರ್ಚು ಕೊಡುವ ಫೆಲೋಶಿಪ್ ಇದೆ. ಏಷ್ಯಾ ಪೆಸಿಫಿಕ್‌ನಲ್ಲಿ ಇಂಟರ್ನೆಟ್ ಸಂಖ್ಯಾ ವಿಳಾಸಗಳನ್ನು ಹಂಚುವ ಎಪಿನಿಕ್ ಸಂಸ್ಥೆಗೂ ಅಂಥದ್ದು ಇದೆ. ಇಂಟರ್ನೆಟ್‌ನ ತಾಂತ್ರಿಕ ಮಾನದಂಡ ಬರೆಯುವ ಐಇಟಿಎಫ್‌ಗೆ ಸದಸ್ಯತ್ವವೇ ಇಲ್ಲ, ಯಾರು ಬೇಕಾದರೂ ಚರ್ಚೆಗೆ ಸೇರಬಹುದು.

ಮೊದಲ ಆರು ತಿಂಗಳಿಗೆ ನಾನು ಹೇಳುವುದು ಇಷ್ಟು. ಡೇಟಾ ಕಾಯ್ದೆ ಅಥವಾ ಗಿಗ್ ಕಾಯ್ದೆ, ಎರಡರಲ್ಲಿ ಒಂದು ಆರಿಸಿ. ಕೃತಕ ಬುದ್ಧಿಮತ್ತೆ ನೀತಿ ಅಂತ ಹೋಗಬೇಡಿ. ಈಗ ಎಲ್ಲರೂ ಅಲ್ಲೇ ಸೇರಿದ್ದಾರೆ, ಮೂಲ ಕಾನೂನು ಗೊತ್ತಿಲ್ಲದೆ ಅಲ್ಲಿ ಹೇಳಲು ಏನೂ ಸಿಗುವುದಿಲ್ಲ. ಆರಿಸಿದ ಕಾಯ್ದೆಯನ್ನು ಪೂರ್ತಿ ಓದಿ. ಮೇಲೆ ಹೇಳಿದಂಥ ಒಂದು ಪರೀಕ್ಷಾ ವರದಿ ಬರೆಯಿರಿ. ಅಷ್ಟರಲ್ಲಿ ಯಾವುದಾದರೂ ಕರಡು ಬಂದೇ ಬರುತ್ತದೆ, ಅದಕ್ಕೆ ನಿಮ್ಮ ಹೆಸರಲ್ಲೇ ಅಭಿಪ್ರಾಯ ಕಳಿಸಿ. ಕೇಂದ್ರದ 2014ರ ನೀತಿಯ ಪ್ರಕಾರ ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು. ಯಾವಾಗಲೂ ಹಾಗೆ ನಡೆಯುವುದಿಲ್ಲ, ಆದ್ದರಿಂದ ಬಂದ ದಿನವೇ ಓದಲು ಕೂತುಕೊಳ್ಳಿ. ಎಲ್ಲ ಪ್ರಶ್ನೆಗೂ ಉತ್ತರ ಬರೆಯಬೇಕಿಲ್ಲ. ನಿಮಗೆ ನಿಜವಾಗಿ ಗೊತ್ತಿರುವ ಎರಡಕ್ಕೆ ಬರೆಯಿರಿ.

ಆಮೇಲೆ ಅರ್ಜಿ ಹಾಕುವಾಗ ಆ ಎರಡು ಬರಹ ಲಗತ್ತಿಸಿ. 'ನನಗೆ ತಂತ್ರಜ್ಞಾನ ಮತ್ತು ಸಮಾಜದಲ್ಲಿ ತುಂಬಾ ಆಸಕ್ತಿ' ಅನ್ನುವ ಸಾಲು ಪ್ರತಿ ಅರ್ಜಿಯಲ್ಲೂ ಇರುತ್ತದೆ, ಅದನ್ನು ಬಿಡಿ. ಆ ಸಂಸ್ಥೆ ಇತ್ತೀಚೆಗೆ ಬರೆದ ಒಂದು ವರದಿ ಓದಿ, ಅದರಲ್ಲಿ ನೀವು ಒಪ್ಪದ ಒಂದು ಅಂಶ ಮತ್ತು ಅದಕ್ಕೆ ಕಾರಣ ಬರೆದು ಕಳಿಸಿ. ಉತ್ತರ ಬರದಿದ್ದರೆ ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಕೇಳಬಹುದು, ತಪ್ಪೇನಿಲ್ಲ.